ಎಂಜಿನ್ನಿನ ಉಸಿರು

ಕವಾಟಗಳನ್ನು ಎತ್ತಿ ಇಳಿಸುವ ಕ್ಯಾಮ್‌ಶಾಫ್ಟೇ ಮೋಟಾರು ಎಂಜಿನ್ನಿನ ಉಸಿರಾಟದ ಒಡೆಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಕವೆಂಟ್ರಿಯ ಕಾರ್ಖಾನೆಯಲ್ಲಿ ಬಾಂಬಿನ ಬೆಂಕಿಗೆ ಕಾವಲಿದ್ದ ರಾತ್ರಿಗಳಲ್ಲಿ, ವಿಲಿಯಂ ಹೇನ್ಸ್ ಮತ್ತು ಸಂಗಡಿಗರು ಎರಡು ಕ್ಯಾಮ್‌ಶಾಫ್ಟುಗಳ ಜಾಗ್ವಾರ್ ಎಂಜಿನ್ನಿನ ರೂಪವನ್ನು ಚಿಂತಿಸಿದರು. 1948ರಲ್ಲಿ ಅದನ್ನು ಹೊತ್ತು ಬಂದ ಎಕ್ಸ್‌ಕೆ 120 ಕಾರಿನಲ್ಲಿ ಕವಾಟ ಏಳುತ್ತಿದ್ದುದು 5/16 ಅಂಗುಲ. 1951ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದ ಸಿ-ಟೈಪಿನಲ್ಲಿ 3/8 ಅಂಗುಲ. 1954ರಲ್ಲಿ ರಸ್ತೆಯ ಕಾರಾದ ಎಕ್ಸ್‌ಕೆ 140ಕ್ಕೂ ಕಾರ್ಖಾನೆಯೇ ಆ ಎತ್ತರವನ್ನು ಕೊಟ್ಟಿತು.

ಇಂದು ಆ ಹಳೆಯ ಎಂಜಿನ್ನನ್ನು ಮತ್ತೆ ಕಟ್ಟುವವರಿಗೆ ಆಯ್ಕೆ ಸುಲಭವಲ್ಲ. ಕವಾಟವನ್ನು ಬಹಳ ಹೊತ್ತು ತೆರೆದಿಡುವ ಪಂದ್ಯದ ಕ್ಯಾಮ್ ವೇಗದಲ್ಲಿ ಬಲ ಕೊಡುತ್ತದೆ. ಪೇಟೆಯ ನಿಧಾನಗತಿಯಲ್ಲಿ ಎಂಜಿನ್ ಮುಗ್ಗರಿಸುತ್ತದೆ. 3/8ರ ಕ್ಯಾಮಿಗಾದರೋ ಚರಿತ್ರೆಯ ಒಪ್ಪಿಗೆಯುಂಟು. ಅದರಾಚೆಗೆ ಹೋದವರ ಕೈಯಲ್ಲಿ ಕಾರು ಉಳಿದೀತು, ಅದರ ಹಳೆಯ ನಡೆ ಉಳಿಯದು.