ಬೋಸ್ಟನ್ ದೀಪಸ್ತಂಭ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬೋಸ್ಟನ್ ಬಂದರಿನ ಹೊರಬಾಯಲ್ಲಿರುವ ಲಿಟಲ್ ಬ್ರೂಸ್ಟರ್ ಎಂಬ ಪುಟ್ಟ ದ್ವೀಪದ ದೀಪಸ್ತಂಭ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಮೊದಲು ಎದ್ದ ದೀಪಸ್ತಂಭ ಇಲ್ಲಿಯದೇ. 1716ರ ಸೆಪ್ಟೆಂಬರ್ 14ರಂದು ಇದರ ದೀಪ ಬೆಳಗಿತು. ಇದರ ಖರ್ಚಿಗೆಂದು ಹಡಗುಗಳ ಮೇಲೆ ಟನ್ನಿಗೆ ಒಂದು ಪೆನ್ನಿಯಂತೆ ಸುಂಕ ಹಾಕಲಾಗಿತ್ತು.

ಮೊದಲ ಪಾಲಕ ಜಾರ್ಜ್ ವರ್ದಿಲೇಕ್ ದೀಪ ನೋಡಿಕೊಳ್ಳುವುದರ ಜತೆಗೆ ಕುರಿಗಳನ್ನೂ ಸಾಕಿಕೊಂಡಿದ್ದ. 1718ರ ನವೆಂಬರ್ 3ರಂದು ಬೋಸ್ಟನ್ನಿನಿಂದ ಮರಳುವಾಗ ದ್ವೀಪದ ಹತ್ತಿರವೇ ದೋಣಿ ಮಗುಚಿ, ಅವನೂ ಅವನ ಹೆಂಡತಿ, ಮಗಳೂ ಜತೆಗಿದ್ದವರೂ ನೀರುಪಾಲಾದರು. ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಈ ದುರಂತದ ಮೇಲೆ ಲಾವಣಿ ಕಟ್ಟಿ, ಅಚ್ಚಾದ ಹಾಳೆಗಳನ್ನು ಊರೊಳಗೆ ಮಾರಿದ. ಘಟನೆ ಹಸಿಯಾಗಿದ್ದುದರಿಂದ ಲಾವಣಿ ಚೆನ್ನಾಗಿಯೇ ಮಾರಾಟವಾಯಿತು. ಪದ್ಯ ಹೊಸೆಯುವವರು ತಿರಿದುಣ್ಣಬೇಕಾಗುತ್ತದೆ ಎಂದು ತಂದೆ ಅವನ ಉತ್ಸಾಹಕ್ಕೆ ತಣ್ಣೀರೆರಚಿದ. ಆ ಹುಡುಗನೇ ಬೆಂಜಮಿನ್ ಫ್ರಾಂಕ್ಲಿನ್.

ದೀಪ ಕಾಣದಷ್ಟು ಮಂಜು ಕವಿದಾಗ ಹಡಗುಗಳಿಗೆ ಉತ್ತರ ಕೊಡಲು 1719ರಲ್ಲಿ ಇಲ್ಲಿ ಫಿರಂಗಿಯೊಂದನ್ನು ಇಡಲಾಯಿತು.

ಸ್ವಾತಂತ್ರ್ಯ ಸಮರದಲ್ಲಿ ಸ್ತಂಭಕ್ಕೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಬಂದರು ಬ್ರಿಟಿಷ್ ನೌಕಾಪಡೆಯ ಹಿಡಿತದಲ್ಲಿದ್ದುದರಿಂದ, ಅದರ ಬೆಳಕು ಶತ್ರುವಿಗೆ ದಾರಿ ತೋರಬಾರದೆಂದು ಅಮೆರಿಕನ್ ಸೈನಿಕರು 1775ರ ಜುಲೈಯಲ್ಲಿ ಎರಡು ಸಲ ದಾಳಿ ಮಾಡಿ ಬೆಂಕಿಯಿಟ್ಟರು. ತಮ್ಮ ಊರಿನ ಹಡಗುಗಳನ್ನೇ ಕಾಯ್ದ ದೀಪವನ್ನು ತಾವೇ ಸುಡಬೇಕಾದ ಆ ಸಂಕಟ ದೊಡ್ಡದು. ಮರುವರ್ಷ ಜೂನ್ 13ರಂದು ಬ್ರಿಟಿಷರು ಬಂದರು ಬಿಟ್ಟು ಹೊರಡುವಾಗ ಮದ್ದಿಟ್ಟು ಸ್ತಂಭವನ್ನು ಸಿಡಿಸಿಹಾಕಿದರು.

ಈಗ ನಿಂತಿರುವುದು 1783ರಲ್ಲಿ ಮತ್ತೆ ಕಟ್ಟಿದ ಕಲ್ಲಿನ ಗೋಪುರ. ಮೊದಲಿಗೆ 75 ಅಡಿಯಿದ್ದ ಇದನ್ನು 1859ರಲ್ಲಿ 89 ಅಡಿಗೆ ಎತ್ತರಿಸಿ ಫ್ರೆನೆಲ್ ಮಸೂರ ಕೂರಿಸಿದರು. ಪಟ್ಟಕಗಳನ್ನು ಸುತ್ತ ಜೋಡಿಸಿದ ಈ ಗಾಜಿನ ಗೂಡು, ನಾಲ್ಕೂ ಕಡೆ ಚದುರಿಹೋಗುವ ಬೆಳಕನ್ನು ಬಾಗಿಸಿ ದಿಗಂತದ ಕಡೆಗೆ ಧಾರೆಗಳಾಗಿ ಹರಿಸುತ್ತದೆ. ಮಸೂರ ತಿರುಗಿದಂತೆ ನಾವಿಕನಿಗೆ 10 ಸೆಕೆಂಡಿಗೊಮ್ಮೆ ಬಿಳಿ ಮಿಂಚು ಕಾಣುತ್ತದೆ. ವಿದ್ಯುತ್ ಬಂದದ್ದು 1948ರಲ್ಲಿ. 1964ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಅಮೆರಿಕದ ಕರಾವಳಿಯುದ್ದಕ್ಕೂ ಯಂತ್ರಗಳು ಪಾಲಕರ ಜಾಗ ಹಿಡಿಯುತ್ತಿದ್ದಾಗ, ಇಲ್ಲಿ ಮನುಷ್ಯರು ಇರಲೇಬೇಕೆಂದು 1989ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಆದ್ದರಿಂದ 1998ರಲ್ಲಿ ದೀಪ ಸ್ವಯಂಚಾಲಿತವಾದ ಮೇಲೂ ಪಾಲಕರ ಹುದ್ದೆ ಉಳಿಯಿತು. 2003ರಲ್ಲಿ ಆ ಹುದ್ದೆಗೆ ಬಂದ ಸ್ಯಾಲಿ ಸ್ನೋಮನ್ ಇಲ್ಲಿನ ಮೊದಲ ಮಹಿಳಾ ಪಾಲಕಿ. ಅವರು 2023ರ ಕೊನೆಯಲ್ಲಿ ನಿವೃತ್ತರಾದರು.