ಮೀನುಗಾರಿಕೆ ವಿಜ್ಞಾನ ಪದವಿ: ಕಡಲ ತೀರದ ಮನೆಗಳಿಗೆ ತಿಳಿದಿರಬೇಕಾದ ವಿಷಯಗಳು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬಳಿಕ ಧರ್ಮಕೇಂದ್ರದ ಕಚೇರಿಗೆ ಮಕ್ಕಳನ್ನು ಕರೆದುಕೊಂಡು ಬರುವ ತಾಯ್ತಂದೆಯರು ಕೇಳುವ ಪ್ರಶ್ನೆ ಒಂದೇ: "ಫಾದರ್, ಮುಂದೇನು ಓದಿಸುವುದು?" ವಿಜ್ಞಾನ ಎಂದರೆ ಡಾಕ್ಟರ್ ಇಲ್ಲವೇ ಇಂಜಿನಿಯರ್, ವಾಣಿಜ್ಯ ಎಂದರೆ ಬ್ಯಾಂಕ್ ಅಥವಾ ಗಲ್ಫ್. ಹೆಚ್ಚಿನ ಮಾತುಕತೆ ಇಲ್ಲಿಗೇ ಮುಗಿಯುತ್ತದೆ. ಕಡಲನ್ನೇ ನಂಬಿ ಬದುಕುವ ಈ ತೀರದಲ್ಲಿ, ಕಡಲನ್ನೇ ಪಾಠವಾಗಿ ಓದಬಹುದಾದ ಪದವಿಯೊಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಮಂಗಳೂರಿನಲ್ಲೇ ಇದೆ ಎಂಬುದು ಅನೇಕರಿಗೆ ನೆನಪಾಗುವುದಿಲ್ಲ. ನೆನಪಾದರೂ, "ಮೀನು ಹಿಡಿಯುವುದಕ್ಕೆ ಡಿಗ್ರಿ ಬೇಕೇ?" ಎಂಬ ನಗು ಜೊತೆಗೆ ಬರುತ್ತದೆ.

ಮೀನು ಹಿಡಿಯುವುದಕ್ಕೆ ಡಿಗ್ರಿ ಬೇಡ, ನಿಜ. ಆದರೆ ಎಷ್ಟು ಹಿಡಿಯಬಹುದು, ಎಷ್ಟನ್ನು ಕಡಲಲ್ಲೇ ಬಿಡಬೇಕು ಎಂದು ಲೆಕ್ಕ ಹಾಕುವುದಕ್ಕೆ ವಿದ್ಯೆ ಬೇಕು. ಆ ಲೆಕ್ಕದ ಮೇಲೆ ನಮ್ಮ ಬೋಟುಗಳ ನಿಯಮಗಳು ನಿಲ್ಲುತ್ತವೆ. ಆ ಮೇಜಿನ ಸುತ್ತ ಕುಳಿತವರಲ್ಲಿ ಕಡಲ ತೀರದ ಮನೆಯ ಮಕ್ಕಳು ಇರುತ್ತಾರೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ.

ಕಾಲೇಜು ಮತ್ತು ಪದವಿ

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಆರಂಭವಾಯಿತು. ಮೀನುಗಾರಿಕೆಯಲ್ಲಿ ಪದವಿ ನೀಡಲೆಂದೇ ಭಾರತದಲ್ಲಿ ಸ್ಥಾಪನೆಯಾದ ಮೊದಲ ಕಾಲೇಜು ಇದು. ಈಗ ಇದು ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಂಕನಾಡಿಯಿಂದ ಮುಂದೆ ಎಕ್ಕೂರಿನಲ್ಲಿ, ನೇತ್ರಾವತಿಗೆ ಹತ್ತಿರದಲ್ಲೇ ಇದೆ.

ಇಲ್ಲಿ ಕೊಡುವ ಪದವಿಗೆ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆ ವಿಜ್ಞಾನ ಸ್ನಾತಕ ಪದವಿ ಎಂದು ಹೆಸರು. ಅವಧಿ 4 ವರ್ಷ, 8 ಸೆಮಿಸ್ಟರ್. ಇದು ವೃತ್ತಿಪರ ಪದವಿ. ಸಾಮಾನ್ಯ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗಳಿಗೂ ಮುಂದಿನ ಎಂ.ಎಫ್.ಎಸ್ಸಿ.ಗೂ ಬಿ.ಎಫ್.ಎಸ್ಸಿ.ಯೇ ನೇರ ದಾರಿ.

ಏನೇನು ಓದುತ್ತಾರೆ?

ಪಾಠಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

1. ಮತ್ಸ್ಯ ಸಂಪನ್ಮೂಲ ನಿರ್ವಹಣೆ: ಮೀನಿನ ಜಾತಿಗಳನ್ನು ಗುರುತಿಸುವುದು, ಅವುಗಳ ವಯಸ್ಸು, ಬೆಳವಣಿಗೆ, ಸಂತಾನೋತ್ಪತ್ತಿ, ಕಡಲಲ್ಲಿರುವ ಮೀನಿನ ದಾಸ್ತಾನಿನ ಅಂದಾಜು.

2. ಜಲಕೃಷಿ: ಕೆರೆ, ಹಿನ್ನೀರು ಮತ್ತು ಕಡಲಲ್ಲಿ ಮೀನು, ಸಿಗಡಿ, ಪಚ್ಚಿಲೆ ಬೆಳೆಸುವುದು, ಮರಿ ಉತ್ಪಾದನೆ, ಆಹಾರ, ರೋಗ ನಿಯಂತ್ರಣ.

3. ಜಲ ಪರಿಸರ: ನೀರಿನ ಗುಣ, ಪ್ರವಾಹ, ಮಾಲಿನ್ಯ, ಮೀನಿಗೆ ಆಹಾರವಾಗುವ ಸೂಕ್ಷ್ಮ ಜೀವಿಗಳು.

4. ಮೀನು ಸಂಸ್ಕರಣೆ: ಐಸ್ ಹಾಕುವುದರಿಂದ ಹಿಡಿದು ರಫ್ತಿನವರೆಗೆ ಗುಣಮಟ್ಟ ಕಾಯುವುದು, ಸೂಕ್ಷ್ಮಾಣು ಪರೀಕ್ಷೆ.

5. ಮೀನುಗಾರಿಕೆ ಇಂಜಿನಿಯರಿಂಗ್: ಬೋಟು, ಬಲೆ, ಬಲೆಯ ಕಣ್ಣಿನ ಅಳತೆ, ನೌಕಾಯಾನದ ಮೂಲ ಪಾಠ.

6. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ವಿಸ್ತರಣೆ: ಮಾರುಕಟ್ಟೆ, ಸಹಕಾರಿ ಸಂಘ, ಕಾನೂನು, ಮೀನುಗಾರರಿಗೆ ತಿಳಿವಳಿಕೆ ಮುಟ್ಟಿಸುವ ಕ್ರಮ.

ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಮೀನುಗಾರರ ಊರುಗಳಲ್ಲಿ, ಮೀನು ಕೃಷಿ ಕೇಂದ್ರಗಳಲ್ಲಿ ಮತ್ತು ಸಂಸ್ಕರಣಾ ಘಟಕಗಳಲ್ಲಿ ತರಬೇತಿ ಪಡೆಯಬೇಕು. ಧಕ್ಕೆಯ ಪರಿಚಯ ಇರುವ ಮಕ್ಕಳಿಗೆ ಇಲ್ಲಿ ಅನುಕೂಲ ಹೆಚ್ಚು.

ಬೂತಾಯಿಯ ಉದಾಹರಣೆ

ಈ ವಿದ್ಯೆ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಮ್ಮೆಲ್ಲರ ಅಡುಗೆ ಮನೆಯ ಬೂತಾಯಿಯಿಂದಲೇ ತಿಳಿಯಬಹುದು. ಬೂತಾಯಿಯ ಆಯಸ್ಸು ಎರಡು ಮೂರು ವರ್ಷ ಮಾತ್ರ. ಸುಮಾರು ಒಂದು ವರ್ಷದಲ್ಲಿ, ಅಂದಾಜು 15 ಸೆಂಟಿಮೀಟರ್ ಉದ್ದವಾಗುವಾಗ, ಅದು ಮೊಟ್ಟೆ ಇಡಲು ತಯಾರಾಗುತ್ತದೆ. ಮೊಟ್ಟೆ ಇಡುವ ಮುಖ್ಯ ಕಾಲ ಮಳೆಗಾಲ. ಮುಂಗಾರಿನ ಗಾಳಿಗೆ ಕಡಲ ಆಳದ ತಣ್ಣೀರು ಪೋಷಕಾಂಶಗಳೊಂದಿಗೆ ಮೇಲೆ ಬರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅದೇ ಬೂತಾಯಿಯ ಆಹಾರ. ಮಳೆ ಅಥವಾ ಕಡಲಿನ ಬಿಸಿ ಹೆಚ್ಚು ಕಡಿಮೆಯಾದರೆ ಈ ಸರಪಳಿಯೇ ತಪ್ಪುತ್ತದೆ. ಜೊತೆಗೆ ಮರಿಗಳನ್ನೂ ಬಲೆ ಬಾಚಿದರೆ ಪೆಟ್ಟು ಎರಡು ಪಟ್ಟು. ಬಿತ್ತನೆಗೆ ಎತ್ತಿಟ್ಟ ಭತ್ತವನ್ನು ಬೇಯಿಸಿ ಉಂಡ ಹಾಗೆ.

ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ನಂತರದ ವರ್ಷಗಳಲ್ಲಿ ಚೇತರಿಕೆ ಕಂಡಿತಾದರೂ, ಆ ನಡುವಿನ ಕಾಲದಲ್ಲಿ ಬೂತಾಯಿಯನ್ನೇ ನಂಬಿದ್ದ ಮನೆಗಳ ಪಾಡು ಏನಾಗಿರಬಹುದು ಎಂದು ಊಹಿಸುವುದು ನಮಗೆ ಕಷ್ಟವಲ್ಲ. ಇದು ಹೊಸ ಸಂಕಟವೂ ಅಲ್ಲ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ 1940ರ ದಶಕದಲ್ಲಿ ಬೂತಾಯಿ ಕುಸಿದಾಗ ಸರಕಾರ ಮರಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು.

ಇಂಥ ಲೆಕ್ಕಗಳು ಹೇಗೆ ಸಿಗುತ್ತವೆ? ಎಲ್ಲಾ ಬಂದರುಗಳಲ್ಲಿ ಎಲ್ಲಾ ದಿನ ಮೀನು ತೂಗಲು ಸಾಧ್ಯವಿಲ್ಲ. 1947ರಲ್ಲಿ ಸ್ಥಾಪನೆಯಾಗಿ ಈಗ ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಆಯ್ದ ಬಂದರುಗಳಿಗೆ ಆಯ್ದ ದಿನಗಳಲ್ಲಿ ಹೋಗಿ ಬೋಟುಗಳ ಮೀನನ್ನು ದಾಖಲಿಸುತ್ತಾರೆ. ಅದರಿಂದ ಇಡೀ ತೀರದ ಅಂದಾಜು ತೆಗೆಯುತ್ತಾರೆ. ಮೀನಿನ ಉದ್ದ ಅಳೆಯುತ್ತಾರೆ, ಹೊಟ್ಟೆ ಸೀಳಿ ಮೊಟ್ಟೆ ನೋಡುತ್ತಾರೆ. ಕೆಲವು ಮೀನುಗಳ ತಲೆಯೊಳಗಿನ ಕಿವಿಕಲ್ಲಿನಲ್ಲಿ ಮರದ ಉಂಗುರದಂಥ ಗೆರೆಗಳಿರುತ್ತವೆ, ಅವನ್ನು ಎಣಿಸಿ ವಯಸ್ಸು ಹೇಳುತ್ತಾರೆ. ಈ ಸಂಸ್ಥೆಯ ಕೇಂದ್ರಗಳು ಮಂಗಳೂರು ಮತ್ತು ಕಾರವಾರದಲ್ಲೂ ಇವೆ.

ನಿಯಮಗಳ ಹಿಂದಿನ ವಿದ್ಯೆ

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕಡಲ ತೀರವಿದೆ. ತೀರದಿಂದ 12 ನಾಟಿಕಲ್ ಮೈಲುವರೆಗಿನ ಮೀನುಗಾರಿಕೆ ರಾಜ್ಯದ ಅಧಿಕಾರಕ್ಕೆ ಬರುತ್ತದೆ. ಅದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅಲ್ಲಿಂದ 200 ನಾಟಿಕಲ್ ಮೈಲುವರೆಗೆ ಕೇಂದ್ರದ ಅಧಿಕಾರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಈ ಅವಧಿಯನ್ನು 47 ದಿನಗಳಿಂದ 61ಕ್ಕೆ ಏರಿಸಿದ್ದು 2015ರಲ್ಲಿ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಮತ್ತು ಎರಡು ಬೋಟುಗಳು ಸೇರಿ ಬಲೆ ಎಳೆಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು.

ಈ ನಿಯಮಗಳ ಬಗ್ಗೆ ಧಕ್ಕೆಯಲ್ಲಿ ಜಗಳ ಇದ್ದದ್ದೇ. ಕೆಲವು ಸಲ ತಾಂಡೇಲನ ಮಾತೇ ಸರಿ, ಕೆಲವು ಸಲ ಅಧಿಕಾರಿಯದ್ದು. ನಮ್ಮ ಹಿರಿಯರಿಗೆ ರಂಪಣಿ ಬಲೆಯ ಕಾಲ ಚೆನ್ನಾಗಿ ನೆನಪಿದೆ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಆ ಬಲೆಗೆ, 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಬಂಗುಡೆ, ಬೂತಾಯಿ ದಡದವರೆಗೆ ಬರುವುದೇ ಅಪರೂಪವಾಯಿತು. ಆಗ ಹುಟ್ಟಿದ ಮನಸ್ತಾಪ ಬಹುಕಾಲ ಉಳಿಯಿತು. ಹೊಸ ಬಲೆ ಬರುವ ಮೊದಲೇ ಅದರಿಂದ ಯಾರಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಬಲ್ಲವರು ಊರಲ್ಲೇ ಇದ್ದರೆ ಎಷ್ಟೋ ಒಳ್ಳೆಯದು. ಸಂಪನ್ಮೂಲ ನಿರ್ವಹಣೆ ಎಂಬ ದೊಡ್ಡ ಹೆಸರಿನ ಅರ್ಥ ಇಷ್ಟೇ: ಇಂದಿನ ಹೊಟ್ಟೆಗೂ ನಾಳಿನ ಬಲೆಗೂ ನ್ಯಾಯ ಸಿಗುವಂತೆ ನೋಡಿಕೊಳ್ಳುವುದು.

ಮೀನು ಸಾಕಣೆ ಮತ್ತು ಗುಣಮಟ್ಟ

ಕಡಲಲ್ಲಿ ಹಿಡಿಯುವುದಕ್ಕೆ ಮಿತಿ ಇರುವುದರಿಂದ ಸಾಕಣೆಗೆ ಮಹತ್ವ ಬಂದಿದೆ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧರಿಯವರು ಮತ್ತು ಅವರ ಸಹೋದ್ಯೋಗಿಗಳು ಚುಚ್ಚುಮದ್ದಿನ ಮೂಲಕ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಕಾಟ್ಲಾ, ರೋಹು ಮರಿಗಳಿಗಾಗಿ ನದಿಯನ್ನೇ ಕಾಯಬೇಕಾದ ಕಾಲ ಮುಗಿಯಿತು. ಅದರ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ.

1990ರ ದಶಕದ ಮಧ್ಯದಲ್ಲಿ ಸಿಗಡಿ ಕೆರೆಗಳಿಗೆ ಬಿಳಿ ಚುಕ್ಕೆ ರೋಗ ಬಂದು ಸಾಲ ಮಾಡಿದವರೆಲ್ಲ ಕಂಗೆಟ್ಟರು. ಆ ವೈರಸ್ ರೋಗದ ಅಧ್ಯಯನದಲ್ಲಿ ಮಂಗಳೂರು ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಇಡ್ಯ ಕರುಣಾಸಾಗರ್ ಮತ್ತು ಡಾ. ಇಂದ್ರಾಣಿ ಕರುಣಾಸಾಗರ್ ಅವರ ಪಾಲು ದೊಡ್ಡದು. ಇಡ್ಯ ಕರುಣಾಸಾಗರ್ ಮುಂದೆ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯಲ್ಲಿ ಕೆಲಸ ಮಾಡಿದರು. 1997ರಲ್ಲಿ ಯುರೋಪಿಯನ್ ಒಕ್ಕೂಟ ಸ್ವಚ್ಛತೆಯ ಕಾರಣ ನೀಡಿ ಭಾರತದ ಮೀನಿನ ಆಮದು ತಡೆದಾಗ, ಸಂಸ್ಕರಣಾ ಘಟಕಗಳಲ್ಲಿ ತರಬೇತಾದ ತಂತ್ರಜ್ಞರು ಎಷ್ಟು ಮುಖ್ಯ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಸೇರುವುದು ಹೇಗೆ?

ಪೋಷಕರು ಗಮನಿಸಬೇಕಾದ ಅತ್ಯಂತ ಮುಖ್ಯ ಸಂಗತಿ ಇದು. ಈ ಪದವಿಯ ಬಾಗಿಲು ತೆರೆಯುವುದು ಪಿಯುಸಿ ಮುಗಿದ ಮೇಲೆ, ಆದರೆ ಮುಚ್ಚುವುದು ಹತ್ತನೇ ತರಗತಿ ಮುಗಿದ ಕೂಡಲೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಓದದವರಿಗೆ ಮತ್ತೆ ಈ ದಾರಿ ಇಲ್ಲ. ಗಣಿತವನ್ನೂ ತೆಗೆದುಕೊಂಡರೆ ಬೇರೆ ಆಯ್ಕೆಗಳೂ ಉಳಿಯುತ್ತವೆ.

ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಅದಕ್ಕೆ ಬೇರೆ ದಾಖಲೆಗಳೂ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ ಅರ್ಜಿ ತುಂಬುವಾಗಲೇ ಎಚ್ಚರ ವಹಿಸಬೇಕು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಕೋಟಾದ ಮೂಲಕ ಇತರ ರಾಜ್ಯಗಳ ಕಾಲೇಜುಗಳಿಗೂ ಸೇರಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಕೊನೆಯ ದಿನದವರೆಗೆ ಬಿಡಬೇಡಿ. ಆಯಾ ವರ್ಷದ ಪ್ರಾಧಿಕಾರದ ಕೈಪಿಡಿಯನ್ನು ಓದದೆ ಯಾರದೋ ಮಾತು ಕೇಳಿ ಅರ್ಜಿ ಹಾಕಬೇಡಿ.

ಪಿಯುಸಿ ವಿಜ್ಞಾನ ಬೇಡ ಎನ್ನುವವರಿಗೂ ದಾರಿ ಇದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ, ಸಿಫ್‌ನೆಟ್ ಎಂದು ಪರಿಚಿತವಾದ ಕೇಂದ್ರ ಸಂಸ್ಥೆಯಲ್ಲಿ ಹತ್ತನೇ ತರಗತಿ ಪಾಸಾದವರಿಗೆ ಮೀನುಗಾರಿಕಾ ಹಡಗು ನಡೆಸುವ ಮತ್ತು ಹಡಗಿನ ಇಂಜಿನ್ ನೋಡಿಕೊಳ್ಳುವ ಎರಡು ವರ್ಷಗಳ ಕೋರ್ಸುಗಳಿವೆ. ತಂದೆಯ ಬೋಟಿನಲ್ಲಿ ಬೆಳೆದ ಹುಡುಗರು ಇದನ್ನು ಯೋಚಿಸಬಹುದು.

ಓದಿದ ಮೇಲೆ

ರಾಜ್ಯ ಮೀನುಗಾರಿಕೆ ಇಲಾಖೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಭಾರತೀಯ ಮೀನುಗಾರಿಕೆ ಸಮೀಕ್ಷೆ, ಸಂಸ್ಕರಣಾ ಘಟಕಗಳು, ಮೀನಿನ ಆಹಾರ ತಯಾರಿಸುವ ಕಂಪೆನಿಗಳು, ಮರಿ ಉತ್ಪಾದನಾ ಕೇಂದ್ರಗಳು: ಇವೆಲ್ಲ ಅವಕಾಶಗಳು. ಮುಂದೆ ಓದುವವರಿಗೆ ಮಂಗಳೂರಿನಲ್ಲೇ ಸ್ನಾತಕೋತ್ತರ ವಿಭಾಗಗಳಿವೆ. 1961ರಲ್ಲಿ ಆರಂಭವಾದ ಮುಂಬಯಿಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಗೆ 1989ರಿಂದ ವಿಶ್ವವಿದ್ಯಾಲಯದ ಮಾನ್ಯತೆ ಇದೆ. ಅಲ್ಲಿ ಎಂ.ಎಫ್.ಎಸ್ಸಿ. ಮತ್ತು ಪಿಎಚ್.ಡಿ. ಮಾಡಬಹುದು.

ಕಷ್ಟಗಳನ್ನೂ ಮುಚ್ಚಿಡಬಾರದು. ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಭಾರ ಎನಿಸುತ್ತದೆ. ಸರಕಾರಿ ನೇಮಕಾತಿ ಪ್ರತಿ ವರ್ಷ ಆಗುವುದಿಲ್ಲ. ಖಾಸಗಿ ಕೆಲಸಕ್ಕೆ ಆಂಧ್ರಕ್ಕೋ ಗುಜರಾತಿಗೋ ಹೋಗಬೇಕಾಗಬಹುದು, ಆರಂಭದ ಸಂಬಳ ದೊಡ್ಡದಿರುವುದಿಲ್ಲ. ಇದನ್ನೆಲ್ಲ ತಿಳಿದೇ ಸೇರಬೇಕು.

ಧರ್ಮಕೇಂದ್ರಗಳು ಏನು ಮಾಡಬಹುದು?

ವಾಳೆಯ ಗುರಿಕಾರರು ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆ, ಪಿಯುಸಿ ಅರ್ಜಿ ಹಾಕುವ ಮೊದಲೇ, ಈ ವಿಷಯ ಮುಟ್ಟಿಸಬಹುದು. ಕ್ರೈಸ್ತರ ಮನೆ ಮಾತ್ರವಲ್ಲ, ನೆರೆಯ ಮೊಗವೀರ, ಖಾರ್ವಿ, ಹರಿಕಂತ್ರರ ಮನೆಗಳಿಗೂ ತಿಳಿಸಲಿ. ಕಡಲು ಎಲ್ಲರದ್ದು. ಯುವ ಸಂಘಟನೆಯವರು ಮಕ್ಕಳನ್ನು ಎಕ್ಕೂರಿನ ಕಾಲೇಜಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಬಹುದು. ಇಂಗ್ಲಿಷಿಗೆ ಹೆದರುವ ಮಗುವಿಗೆ ನಿವೃತ್ತ ಶಿಕ್ಷಕರೊಬ್ಬರು ವಾರಕ್ಕೆ ಎರಡು ಸಂಜೆ ಕೊಟ್ಟರೂ ದೊಡ್ಡ ಉಪಕಾರ.

ಗಾಳಿ ತಿರುಗುವುದನ್ನು, ನೀರಿನ ಬಣ್ಣ ಬದಲಾಗುವುದನ್ನು, ಮೀನಿನ ಹಿಂಡು ಬರುವುದನ್ನು ನೋಡಿಯೇ ಹೇಳುವ ಜ್ಞಾನ ನಮ್ಮ ತೀರದ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಅದನ್ನು ಪುಸ್ತಕದ ಲೆಕ್ಕದೊಂದಿಗೆ ಜೋಡಿಸಬಲ್ಲವರು ಆ ಮನೆಗಳ ಮಕ್ಕಳೇ. ಮುಂದಿನ ಸಲ ಬಲೆಯ ಕಣ್ಣಿನ ಅಳತೆಯ ಬಗ್ಗೆ ಸಭೆ ಸೇರಿದಾಗ, ಅಪ್ಪನ ಮಾತೂ ಅಂಕಿ ಅಂಶವೂ ಎರಡೂ ಅರ್ಥವಾಗುವ ಒಬ್ಬ ಮಗಳೋ ಮಗನೋ ಆ ಸಭೆಯಲ್ಲಿರಲಿ. ಅದಕ್ಕೆ ತಯಾರಿ ಈ ವರ್ಷದ ಪಿಯುಸಿ ಅರ್ಜಿಯಿಂದಲೇ ಶುರುವಾಗಬೇಕು.