ಮೂವತ್ತಾರರಲ್ಲಿ ಒಲಿದ ಕವಿತೆ

ಕವಿತೆ ಹರೆಯದ ಸೊತ್ತು, ಇಪ್ಪತ್ತೈದರೊಳಗೆ ಒಲಿಯದ ವಾಗ್ದೇವಿ ಆಮೇಲೆ ಒಲಿಯಳು ಎಂಬ ನಂಬಿಕೆ ಬಹುಮಂದಿಯಲ್ಲಿದೆ. ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಈ ನಂಬಿಕೆಯನ್ನು ಅಲುಗಿಸುವ ಹೆಸರುಗಳಲ್ಲಿ ಎಡ್ವರ್ಡ್ ಥಾಮಸನದು ಒಂದು.

ಥಾಮಸ್ ಹುಟ್ಟಿದ್ದು 1878ರಲ್ಲಿ, ಲಂಡನ್ನಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿರುವಾಗಲೇ, 1899ರಲ್ಲಿ, ಅವನಿಗೆ ಮದುವೆಯಾಯಿತು. ಸರಕಾರಿ ನೌಕರಿ ಹಿಡಿಯೆಂಬ ತಂದೆಯ ಮಾತನ್ನು ಒಪ್ಪದೆ, ಬರವಣಿಗೆಯಿಂದಲೇ ಸಂಸಾರ ನಡೆಸುವೆನೆಂದು ಹೊರಟ. ಮೂವರು ಮಕ್ಕಳಾದರು. ಪತ್ರಿಕೆಗಳಿಗೆ ಸಾವಿರಕ್ಕೂ ಮಿಕ್ಕಿ ವಿಮರ್ಶೆಗಳು, ಪ್ರಕಾಶಕರು ಕೇಳಿದ ಜೀವನಚರಿತ್ರೆಗಳು, ನಾಡು ಸುತ್ತಿದ ಕಥನಗಳು—ಹೀಗೆ ಗಾಣದ ಎತ್ತಿನ ದುಡಿಮೆ. ಬದುಕೇ ಬೇಡವೆನಿಸಿದ ದಿನಗಳೂ ಇದ್ದವು. ಇತರರ ಕವಿತೆಯನ್ನು ಅವನಷ್ಟು ನವುರಾಗಿ ತೂಗಬಲ್ಲವರು ಆಗ ವಿರಳ. ಆದರೆ ತಾನು ಕವಿಯಾಗಬಲ್ಲೆನೆಂಬ ಧೈರ್ಯ ಅವನಿಗಿರಲಿಲ್ಲ.

1913ರ ಅಕ್ಟೋಬರಿನಲ್ಲಿ ಅವನಿಗೆ ರಾಬರ್ಟ್ ಫ್ರಾಸ್ಟನ ಪರಿಚಯವಾಯಿತು. ಅಮೆರಿಕದಿಂದ ಇಂಗ್ಲೆಂಡಿಗೆ ಬಂದಿದ್ದ ಈ ಕವಿಯ ಮೊದಲ ಸಂಕಲನವೂ ಹೊರಬಂದದ್ದು ತಡವಾಗಿಯೇ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಡುಮಾತಿನ ಧಾಟಿಯೇ ಕವಿತೆಯ ಜೀವವೆಂಬುದು ಫ್ರಾಸ್ಟನ ವಾದ. ಮುಚ್ಚಿದ ಬಾಗಿಲ ಆಚೆ ಇಬ್ಬರು ಮಾತನಾಡುತ್ತಿದ್ದರೆ ಪದಗಳು ಕೇಳಿಸವು. ದನಿಯ ಏರಿಳಿತ ಮಾತ್ರ ಕೇಳಿಸುತ್ತದೆ. ಜಗಳವೋ, ಬೇಡಿಕೆಯೋ, ಹಾಸ್ಯವೋ ಅದರಿಂದಲೇ ತಿಳಿಯುತ್ತದೆ. ನೆರೆಮನೆಯ ರೇಡಿಯೋ ಆಲಿಸಿದವರಿಗೆಲ್ಲ ಇದರ ಅನುಭವ ಉಂಟು. ಆ ಧಾಟಿಯನ್ನು ಛಂದಸ್ಸಿನ ಚೌಕಟ್ಟಿನಲ್ಲಿ ಹಿಡಿಯಬೇಕು ಎನ್ನುತ್ತಿದ್ದ ಫ್ರಾಸ್ಟ್.

1914ರ ಬೇಸಗೆಯಲ್ಲಿ ಗೆಳೆಯರಿಬ್ಬರೂ ಡಿಮಾಕ್ ಎಂಬ ಹಳ್ಳಿಯ ಸುತ್ತಿನ ಹೊಲಗಳಲ್ಲಿ ಅಲೆದಾಡಿದರು. ವಸಂತವನ್ನು ಅರಸಿ ಸೈಕಲ್ಲಿನಲ್ಲಿ ಮಾಡಿದ ಪ್ರಯಾಣವನ್ನು ಕುರಿತು ಥಾಮಸ್ ಒಂದು ಗದ್ಯಗ್ರಂಥ ಬರೆದಿದ್ದ. ಇದರೊಳಗೆ ಕವಿತೆ ಆಗಲೇ ಇದೆ, ಪದ್ಯದ ರೂಪಕ್ಕೆ ತಂದುಕೊಂಡರೆ ಸಾಕು ಎಂದು ಫ್ರಾಸ್ಟ್ ಒತ್ತಿ ಹೇಳಿದ. ಅಷ್ಟರಲ್ಲಿ ಮಹಾಯುದ್ಧ ಬಂದು ಪತ್ರಿಕೆಗಳ ಕೆಲಸ ಕುಗ್ಗಿತು. ಅದೇ ವರ್ಷ ನವೆಂಬರಿನಲ್ಲಿ ಥಾಮಸ್ ಒಂದು ಹಳ್ಳಿಯ ಪಾನಗೃಹವನ್ನು ಗದ್ಯದಲ್ಲಿ ಚಿತ್ರಿಸಿದ. ಡಿಸೆಂಬರ್ 3ರಂದು ಅದನ್ನೇ ಪದ್ಯವಾಗಿಸಿದ. ಆಗ ಅವನಿಗೆ ಮೂವತ್ತಾರು ವರ್ಷ. ಜೂನ್ 24ರಂದು ಆಡ್ಲ್‌ಸ್ಟ್ರಾಪ್ ಎಂಬ ಸಣ್ಣ ನಿಲ್ದಾಣದಲ್ಲಿ ರೈಲು ನಿಂತಾಗ ಕಂಡದ್ದನ್ನೂ ಕೇಳಿದ್ದನ್ನೂ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ. 1915ರ ಜನವರಿಯಲ್ಲಿ ಅದು ಕವಿತೆಯಾಯಿತು. ಅವನ ಹೆಸರಿನೊಡನೆ ಜನ ಮೊದಲು ನೆನೆಯುವುದು ಇಂದಿಗೂ ಅದನ್ನೇ.

ವಿಮರ್ಶಕನೆಂಬ ಹೆಸರು ತೀರ್ಪಿಗೆ ಅಡ್ಡಬಾರದೆಂದು ಎಡ್ವರ್ಡ್ ಈಸ್ಟವೇ ಎಂಬ ಗುಪ್ತನಾಮದಿಂದ ಕವಿತೆಗಳನ್ನು ಪತ್ರಿಕೆಗಳಿಗೆ ಕಳುಹಿದ. ಹೆಚ್ಚಿನವು ಹಿಂದಿರುಗಿದವು. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಬಲವಂತವಿಲ್ಲದಿದ್ದರೂ 1915ರ ಜುಲೈಯಲ್ಲಿ ಸೈನ್ಯ ಸೇರಿದ. ಶಿಬಿರದಲ್ಲಿ ನಕ್ಷೆ ಓದುವುದನ್ನು ಕಲಿಸುತ್ತ, ಬಿಡುವಿನಲ್ಲಿ ಕವಿತೆ ಕಟ್ಟಿದ. 1917ರ ಜನವರಿಯಲ್ಲಿ ಫ್ರಾನ್ಸಿಗೆ ಹೋದ. ಏಪ್ರಿಲ್ 9ರಂದು, ಆರಾಸ್ ಯುದ್ಧದ ಮೊದಲ ದಿನ, ರಣಭೂಮಿಯಲ್ಲಿ ಮಡಿದ. ಕವನ ಸಂಕಲನ ಹೊರಬಂದದ್ದು ಅದೇ ವರ್ಷ, ಅವನು ಸತ್ತ ಮೇಲೆ; ಅದು ಫ್ರಾಸ್ಟನಿಗೆ ಅರ್ಪಿತವಾಗಿತ್ತು. 1985ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಯುದ್ಧಕವಿಗಳ ಸ್ಮಾರಕಶಿಲೆಯ ಮೇಲೆ ಅವನ ಹೆಸರನ್ನೂ ಕೆತ್ತಿದರು.

ಎರಡು ವರ್ಷಗಳಿಗೆ ಸ್ವಲ್ಪ ಮೇಲ್ಪಟ್ಟ ಕಾಲದಲ್ಲಿ ನೂರ ನಲವತ್ತಕ್ಕೂ ಹೆಚ್ಚು ಕವಿತೆಗಳು! ಇದನ್ನು ಪವಾಡವೆನ್ನಬೇಕಾಗಿಲ್ಲ. ಕೂಲಿಗೆಂದು ಬರೆದ ಗದ್ಯದಲ್ಲಿ ಅವನ ಕೈ ಪಳಗಿತ್ತು. ಹಾದಿ ನಡೆದು ಕಣ್ಣು, ಕಿವಿ ತೆರೆದಿದ್ದವು. ಹದಿನೈದು ವರ್ಷ ಉತ್ತು ಹದಗೊಂಡಿದ್ದ ನೆಲ ಅದು. ಬಿತ್ತುವ ಕಾಲ ಬಂದಿದೆಯೆಂದು ಹೇಳಲು ಒಬ್ಬ ಗೆಳೆಯ ಬೇಕಾಗಿತ್ತು. ನಡುವಯಸ್ಸಿನಲ್ಲಿ ಕವಿತೆಗೆ ಕೈಹಾಕಲು ಅಂಜುವವರು, ತಾವು ಈವರೆಗೆ ಕಂಡು ಕೇಳಿದ್ದರಲ್ಲಿ ಎಷ್ಟು ಹದ ಕೂಡಿದೆಯೆಂದು ಮೊದಲು ನೋಡಿಕೊಳ್ಳಬಹುದು.